ಕಾಂತಕ್ಕೆ ಅಂಟುವ ಕಲ್ಲು

ನಮ್ಮ ಷೋಕೇಸಿನಲ್ಲಿ ಗೊಂಬೆಗಳ ನಡುವೆ ಅಂಗೈಯಗಲದ ಒಂದು ಕಪ್ಪು ಕಲ್ಲಿದೆ. ಬಂದವರು "ಇದನ್ಯಾಕೆ ಇಟ್ಟಿದ್ದೀರಿ?" ಎಂದರೆ ಫ್ರಿಜ್ಜಿನ ಬಾಗಿಲಿನ ಕಾಂತದ ಗೊಂಬೆಯನ್ನು ತಂದು ತಾಕಿಸುತ್ತೇನೆ. ಟಕ್ಕನೆ ಕಚ್ಚಿಕೊಳ್ಳುತ್ತದೆ. ಅದು ಕುದುರೆಮುಖದ ಕಲ್ಲು.

ಮದುವೆಯಾಗಿ 1985ರಲ್ಲಿ ನಾನು ಆ ಗಣಿಯೂರಿಗೆ ಹೋದೆ. ಮಳೆಗಾಲದಲ್ಲಿ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಕೂಸಿನ ಬಟ್ಟೆ ಒಣಗಿಸಬೇಕಿತ್ತು. ಒಂದು ಸಂಜೆ ಇವರು ಈ ಕಲ್ಲನ್ನು ತಂದು, "ನಮ್ಮ ಅನ್ನ ಇದರಲ್ಲಿದೆ ನೋಡು" ಎಂದರು.

ಇದು ಮ್ಯಾಗ್ನಟೈಟ್. ಬೆಳೆಯಲು ಜಾಗ ಸಿಕ್ಕರೆ ಎರಡು ಗೋಪುರಗಳನ್ನು ಬುಡಕ್ಕೆ ಬುಡ ಸೇರಿಸಿದಂತೆ ಎಂಟು ಮುಖದ ಹರಳಾಗುತ್ತದೆ. ನಮ್ಮ ಬೆಟ್ಟದಲ್ಲಿ ಮಾತ್ರ ಬಿಳಿಗಲ್ಲಿನ ಪಟ್ಟೆಗಳ ನಡುವೆ ಸಣ್ಣ ಸಣ್ಣ ಕಾಳುಗಳಾಗಿ ಹುದುಗಿತ್ತು. ಶುದ್ಧ ಹರಳಿನಲ್ಲಿ ನೂರಕ್ಕೆ 72ರಷ್ಟು ಕಬ್ಬಿಣ. ಬಂಡೆಯಲ್ಲಿ ಅದರ ಅರ್ಧದಷ್ಟು. ಆದ್ದರಿಂದ ಬಂಡೆಯನ್ನು ಹಿಟ್ಟಾಗುವಷ್ಟು ಅರೆದು ಕಾಂತದಿಂದ ಎಳೆದು ತೆಗೆಯುತ್ತಿದ್ದರು. ನಾವು ಅಕ್ಕಿಯಲ್ಲಿ ಕಲ್ಲು ಆರಿಸುತ್ತೇವೆ, ಅಲ್ಲಿ ಕಲ್ಲಿನಲ್ಲಿ ಅನ್ನ ಆರಿಸುತ್ತಿದ್ದರು. ಆ ಕಪ್ಪು ಹಿಟ್ಟು ನೀರಿನೊಡನೆ 67 ಕಿಲೋಮೀಟರ್ ಕೊಳವೆಯಲ್ಲಿ ಹರಿದು ಮಂಗಳೂರಿನ ಬಂದರು ಸೇರುತ್ತಿತ್ತು.

ಈ ಅದಿರನ್ನು 1913ರಲ್ಲೇ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಗುರುತಿಸಿದ್ದರು. ಗಣಿಯ ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ಸಾಲದ ಭರವಸೆಯ ಮೇಲೆ. 1979ರ ಕ್ರಾಂತಿಯಾಗಿ ಆ ಕೊಳ್ಳುವವರೇ ಹಿಂದೆ ಸರಿದರು. ಎಲ್ಲೋ ಒಬ್ಬ ರಾಜ ಪಟ್ಟ ಬಿಟ್ಟರೆ ನಮ್ಮ ಬೆಟ್ಟದ ಅದಿರಿಗೆ ಬೇರೆ ಗಿರಾಕಿ ಹುಡುಕಬೇಕಾಯಿತು!

ಸುತ್ತಲ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಸೀಮೆ ಅದು. ಕಾಡು, ಹೊಳೆ ಉಳಿಯಬೇಕೆಂದವರ ಮಾತು ನನಗೂ ಸರಿಯೆನಿಸುತ್ತಿತ್ತು. ಆದರೆ ತಿಂಗಳ ಮೊದಲ ದಿನ ಸಂಬಳ ಎಣಿಸುವಾಗ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು.

ಮನೆ ಖಾಲಿ ಮಾಡುವಾಗ ಕಲ್ಲನ್ನು ಅಕ್ಕಿ ಡಬ್ಬಿಯೊಳಗಿಟ್ಟು ತಂದೆ. ಕೆಲವು ವರ್ಷ ಕಳೆದು ಒಮ್ಮೆ ಹೋದಾಗ ನಮ್ಮ ಅಂಗಳದಲ್ಲಿ ಗಿಡ ಎದೆಮಟ್ಟ ಬೆಳೆದಿತ್ತು. ಕಾಡು ಮರಳಿತಲ್ಲ ಎಂದು ಸಂತೋಷಪಡಬೇಕು, ಪಟ್ಟೆ ಕೂಡ. ಆದರೂ ತುಳಸಿಕಟ್ಟೆ ಎಲ್ಲಿತ್ತೆಂದು ತುಂಬಾ ಹೊತ್ತು ಹುಡುಕಿದೆ.