ಸೊಟ್ಟಪಾದದ ಶಿಶುವೂ ಮೊದಲಿನ ವಾರಗಳೂ

ಪಾದವು ಒಳಕ್ಕೆ ತಿರುಚಿಕೊಂಡ ಶಿಶುವು ಜನಿಸಿದಾಗ ಅದರ ಕಾಲಿಗಿಂತ ಮೊದಲು ತಾಯಿಯ ನಡತೆಯ ವಿಚಾರಣೆಯಾಗುವದು ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ. ಗ್ರಹಣಕಾಲದಲ್ಲಿ ಆಕೆಯು ಏನನ್ನೋ ಹೆಚ್ಚಿರಬೇಕು, ಇಲ್ಲವೆ ಹೊರಗೆ ಸುಳಿದಿರಬೇಕು ಎಂಬ ಮಾತು ಹುಟ್ಟುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನವಾದರೋ ಬಸುರಿಯ ಬಯಕೆಯನ್ನು ತೀರಿಸದೆ ಹೋದರೆ ಕುಬ್ಜ, ಕುಣಿ, ಖಂಜ ಮುಂತಾದ ಸಂತಾನವಾಗುವದೆಂದು ಹೇಳಿ, ಹೊಣೆಯನ್ನು ಮನೆಯವರ ಮೇಲೆ ಇರಿಸಿದೆ. ಇಂದಿನ ಶಾಸ್ತ್ರವು ಇವೆರಡನ್ನೂ ಒಪ್ಪುವದಿಲ್ಲ. ಈ ವಿಕಲತೆಯು ಪ್ರತಿ 1,000 ಶಿಶುಗಳಲ್ಲಿ ಸುಮಾರು ಒಂದಕ್ಕೆ ಬರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ಇಮ್ಮಡಿ ಹೆಚ್ಚು. ಬಹುಪಾಲು ಪ್ರಸಂಗಗಳಲ್ಲಿ ನಿಶ್ಚಿತ ಕಾರಣವು ದೊರೆಯದು.

ಕಾರಣವು ತಿಳಿಯದಿದ್ದರೂ ಉಪಾಯವು ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ 400ರ ಸುಮಾರಿನ ಗ್ರೀಕ ವೈದ್ಯ ಹಿಪೊಕ್ರೆಟಿಸನ ಹೆಸರಿನ ಗ್ರಂಥಗಳಲ್ಲಿ, ಇಂಥ ಪಾದವನ್ನು ಎಳೆತನದಲ್ಲಿಯೇ ಕೈಯಿಂದ ಮೆಲ್ಲನೆ ತಿದ್ದಿ ಪಟ್ಟಿ ಕಟ್ಟಬೇಕೆಂಬ ವಿಧಿಯಿದೆ. ಮುಂದೆ ಶಸ್ತ್ರದ ಕಾಲವು ಬಂದಿತು. 1831ರಲ್ಲಿ ಜರ್ಮನಿಯ ಸ್ಟ್ರೋಮೆಯರನು ಹಿಮ್ಮಡಿಯ ನರವನ್ನು ಸಣ್ಣ ರಂಧ್ರದಿಂದ ಕತ್ತರಿಸುವ ಕ್ರಮವನ್ನು ಆರಂಭಿಸಿದನು. ಸ್ವತಃ ಸೊಟ್ಟಪಾದವುಳ್ಳ ಲಂಡನಿನ ವೈದ್ಯ ವಿಲಿಯಂ ಲಿಟಲನು 1836ರಲ್ಲಿ ಅವನಿಂದಲೇ ಚಿಕಿತ್ಸೆ ಪಡೆದು, ಆ ವಿದ್ಯೆಯನ್ನು ಇಂಗ್ಲಂಡಕ್ಕೆ ಒಯ್ದನು. ಇಪ್ಪತ್ತನೆಯ ಶತಮಾನದಲ್ಲಿ ಶಸ್ತ್ರಕ್ರಿಯೆಗಳು ಇನ್ನೂ ದೊಡ್ಡವಾದವು. ಆದರೆ ಹಾಗೆ ತಿದ್ದಿದ ಅನೇಕ ಪಾದಗಳು ಪ್ರಾಯದಲ್ಲಿ ಬಿರುಸಾಗಿ ನೋಯತೊಡಗಿದವು.

ಸ್ಪೇನದ ಅಂತರ್ಯುದ್ಧದಲ್ಲಿ ಗಾಯಾಳುಗಳನ್ನು ಉಪಚರಿಸಿ, ದೇಶ ತೊರೆದು, 1941ರಲ್ಲಿ ಅಮೇರಿಕೆಯ ಅಯೋವಾ ಸೇರಿದ ಇಗ್ನೇಷಿಯೋ ಪೊನ್ಸೆಟಿಯು ಪುನಃ ಕೈಯ ಕಡೆಗೆ ತಿರುಗಿದನು. ವಾರಕ್ಕೊಮ್ಮೆ ಪಾದವನ್ನು ತುಸು ತುಸುವೆ ತಿರುಗಿಸಿ ಪ್ಲಾಸ್ಟರ ಹಾಕುವದು, ಹೀಗೆ ಐದಾರು ಸಲ. ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ನರಕ್ಕೆ ಒಂದು ಸಣ್ಣ ಕೊಯ್ತ. 1963ರಲ್ಲಿ ಅವನು ಈ ಕ್ರಮವನ್ನು ಪ್ರಕಟಿಸಿದರೂ ಲೋಕವು ಕಿವಿಗೊಟ್ಟದ್ದು 1990ರ ದಶಕದ ಕೊನೆಗೆ.

ಭಾರತದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಸೊಟ್ಟಪಾದವನ್ನೂ ಹುಟ್ಟಿನಿಂದಲೇ ಜಾರಿದ ಟೊಂಕದ ಕೀಲನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಹೆರಿಗೆಯ ಸ್ಥಳದಲ್ಲಿ ಸಿಬ್ಬಂದಿಯೂ, ಮೊದಲ ಆರು ವಾರಗಳಲ್ಲಿ ಮನೆಗೆ ಬರುವ ಆಶಾ ಕಾರ್ಯಕರ್ತೆಯೂ ಶಿಶುವನ್ನು ನೋಡಬೇಕೆಂಬುದು ಅದರ ನಿಯಮ, ಚಿಕಿತ್ಸೆಗೆ ವೆಚ್ಚವಿಲ್ಲ.

ಆದರೂ ತಿಕೋಟಾ ತಾಲೂಕಿನ ಹೊನವಾಡದ ಒಂದು ಬಡ ಕುಟುಂಬಕ್ಕೆ ವಿಜಯಪುರದ ವಾರವಾರದ ಪ್ರಯಾಣವೆಂದರೆ ಪ್ರತಿ ಸಲವೂ ಒಂದು ದಿನದ ಕೂಲಿಯ ನಷ್ಟ. ಪಾದವು ನೆಟ್ಟಗಾದ ಮೇಲಂತೂ ಕೆಲಸ ಮುಗಿಯಿತೆಂಬ ಭ್ರಮೆ ಸಹಜ. ಎರಡು ಪಾದರಕ್ಷೆಗಳನ್ನು ಅಡ್ಡಪಟ್ಟಿಯಿಂದ ಕೂಡಿಸಿದ ಸಾಧನವನ್ನು ಮೊದಲ 3 ತಿಂಗಳು ದಿನಕ್ಕೆ 23 ತಾಸು, ತರುವಾಯ ಸುಮಾರು 4 ವರ್ಷದವರೆಗೆ ನಿದ್ದೆಯ ಹೊತ್ತಿನಲ್ಲಿ ತೊಡಿಸಬೇಕು. ಕೂಸು ಅಳುವದೆಂದು ಅಜ್ಜಿಯು ಕನಿಕರದಿಂದ ಬಿಚ್ಚಿದರೆ ಪಾದವು ಮತ್ತೆ ಸೊಟ್ಟಾಗುತ್ತದೆ.

ಎಣ್ಣೆ ಹಚ್ಚಿ ಕೂಸನ್ನು ಎರೆಯುವ ಕೈಗಳೇ ಅದರ ಕಾಲನ್ನು ಮೊದಲು ಬಲ್ಲವು. ಬರಿಯ ತಿಕ್ಕುವಿಕೆಯಿಂದ ಪಾದವು ತಿದ್ದದು. ಆದರೆ ಆ ಕೈಗಳು ಕಂಡುದನ್ನು ಮುಚ್ಚದೆ ವೈದ್ಯನಿಗೆ ತೋರಿಸಿದಲ್ಲಿ ಮೊದಲಿನ ವಾರಗಳು ವ್ಯರ್ಥವಾಗವು. ತಾಯಿಯನ್ನು ದೂರುವದರಲ್ಲಿ ಕಳೆಯುವ ಕಾಲವು ಆ ಕೂಸಿನ ನಡಿಗೆಯಿಂದಲೇ ಕಳೆದ ಕಾಲವೆಂಬುದನ್ನು ಮನೆಯ ಹಿರಿಯರು ಮರೆಯಬಾರದು.