ಕಲ್ಲುನೆಲದಲ್ಲಿ ಕೈಪಂಪು

ಹಿಂದೂಪುರ, ಕಲ್ಯಾಣದುರ್ಗಗಳು ಕನ್ನಡವೂ ತೆಲುಗೂ ಬೆರೆತು ಬಾಳುವ ಗಡಿನಾಡಿನ ಊರುಗಳು. ಬಹುಕಾಲ ಇವೆರಡೂ ಅನಂತಪುರ ಜಿಲ್ಲೆಗೆ ಸೇರಿದ್ದವು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಮನೆಗೆ ನೀರು ತರುವುದೇ ಒಂದು ಇತಿಹಾಸ.

ಅಂಗಳದಲ್ಲಿ ನಿಲ್ಲಿಸುವ ಹಳೆಯ ಕೈಪಂಪಿನ ಹಿಡಿಯನ್ನು ಒತ್ತಿದಾಗ ಒಳಗಿನ ಚರ್ಮದ ವಾಷರು ಮೇಲೇರಿ ಕೊಳವೆಯ ಗಾಳಿಯನ್ನು ತೆಗೆಯುತ್ತದೆ. ಹೊರಗಿನ ವಾಯುಭಾರವು ನೀರನ್ನು ಮೇಲಕ್ಕೆ ದೂಡುತ್ತದೆ. ಚರ್ಮ ಒಣಗಿದ್ದರೆ ಮೊದಲು ಪಂಪಿಗೇ ಒಂದು ಚೆಂಬು ನೀರು ಕುಡಿಸಬೇಕು. ಆದರೆ ವಾಯುಭಾರಕ್ಕೂ ಎಲ್ಲೆಯುಂಟು. 1643ರಲ್ಲಿ ಇಟಲಿಯ ಟೊರಿಚೆಲ್ಲಿಯು ಕಂಡುಕೊಂಡ ತತ್ತ್ವದಂತೆ, ಸಮುದ್ರಮಟ್ಟದಲ್ಲಿಯೇ ಅದು ನೀರನ್ನು ಸುಮಾರು 34 ಅಡಿಗಿಂತ ಮೇಲೆತ್ತಲಾರದು. ಎರಡು ಸಾವಿರ ಅಡಿ ಎತ್ತರದ ಹಿಂದೂಪುರದಲ್ಲಿ ಇನ್ನೂ ಕಡಿಮೆ. ಹೊಳೆಯ ಮರಳಿನಲ್ಲಿ ಮೇಲೆಯೇ ನಿಲ್ಲುವ ನೀರಿಗೆ ಈ ಪಂಪು ಒಪ್ಪೀತು. ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದ ನೀರಿಗೆ ಒಪ್ಪದು. ಅಂತಹ ಆಳದ ಬಾವಿಗೆ ರಾಟೆ, ಹಗ್ಗ, ಕೊಡಗಳೇ ಗತಿ.

ಈ ಎಲ್ಲೆಯನ್ನು ದಾಟಿಸಿದುದು ಇಂಡಿಯಾ ಮಾರ್ಕ್ 2. ಗಟ್ಟಿಬಂಡೆಯನ್ನು ಕೊರೆಯುವ ಯಂತ್ರಗಳು 1967ರ ತರುವಾಯ ದೇಶದಲ್ಲಿ ಹರಡಿದವು. ಕೊರೆದ ಬಾವಿಗಳಿಗೆ ತಕ್ಕ ಗಟ್ಟಿ ಪಂಪು ಬೇಕಾಯಿತು. ಷೋಲಾಪುರದ ಮಾದರಿಯನ್ನು ಆಧರಿಸಿ, ಯೂನಿಸೆಫ್ ನೆರವಿನಿಂದ, 1970ರ ದಶಕದಲ್ಲಿ ಇದು ಸಿದ್ಧವಾಯಿತು. ಇದರ ಸಿಲಿಂಡರು ನೀರಿನೊಳಗೇ ಮುಳುಗಿರುತ್ತದೆ. ಹಿಡಿಯ ಬಲವನ್ನು ಸರಪಳಿಯೂ ಕಬ್ಬಿಣದ ಸಲಾಕೆಗಳೂ ಕೆಳಕ್ಕೊಯ್ಯುತ್ತವೆ. ಹೀಗೆ 150 ಅಡಿ ಆಳದ ನೀರೂ ಕೈಗೆ ಸಿಕ್ಕಿತು. ಜನರು ಇದನ್ನು ‘ಬೋರಿಂಗು’ ಎಂದೇ ಕರೆದರು.

ಆದರೆ ಇದು ಅಂಗಳದ ಸೊತ್ತಾಗದೆ ಬೀದಿಯ ಸೊತ್ತಾಯಿತು. ಬಾವಿಯ ಆಳವು ಗೆದ್ದರೂ ತಲೆಯ ಮೇಲಿನ ಕೊಡವು ಇಳಿಯಲಿಲ್ಲ. ಹೊರುವವರು ಹೆಂಗಸರೇ ಆಗಿದ್ದರು. ಮುಂದೆ ಹೊಲಗಳಲ್ಲಿ ವಿದ್ಯುತ್ ಪಂಪುಗಳು ಹೆಚ್ಚಿದಂತೆ ನೀರು ಆ ಆಳಕ್ಕಿಂತಲೂ ಕೆಳಗಿಳಿಯಿತು. ಹಿಡಿ ಆಡಿದರೂ ನೀರು ಬಾರದಾಯಿತು. 1995–96ರಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆಯು ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಕೊಳವೆಯಲ್ಲಿ ನೀರು ಹರಿಸಿತು.

ಆ ಶ್ರಮವನ್ನು ಮರಳಿ ಬಯಸುವುದು ನ್ಯಾಯವಲ್ಲ. ಆದರೂ ಒಂದು ಮಾತನ್ನು ಮರೆಯಲಾಗದು: ಕೈ ಸೋತಾಗ ಎತ್ತುವುದು ನಿಲ್ಲುತ್ತಿತ್ತು, ಯಂತ್ರಕ್ಕೆ ಆಯಾಸವಿಲ್ಲ. ಹಿಂದೆ ತೋಳಿನ ದಣಿವು ಕಾಯುತ್ತಿದ್ದ ಮಿತಿಯನ್ನು ಇಂದು ನಮ್ಮ ವಿವೇಕವೇ ಕಾಯಬೇಕಾಗಿದೆ.