ವಿಂಡೋಸ್ 10 ಇರುವ ಹಳೆ ಕಂಪ್ಯೂಟರ್: ಅಂಗಡಿಗೆ ಯಾವುದು, ಮನೆಗೆ ಯಾವುದು?

ಕೊಯಿಲ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಂತ ಕಂಪ್ಯೂಟರ್ ಬಂದ್ ಆಗುವುದಿಲ್ಲ. ಆದರೆ ಸುರಕ್ಷತಾ ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಬ್ಯಾಂಕ್, ಜಿಎಸ್‌ಟಿ ಲಾಗಿನ್ ಮಾಡುವುದು ಅಪಾಯ. ಹೊಸದು ಖರೀದಿಸುವ ಮೊದಲು ಇಷ್ಟು ನೋಡಿಕೊಳ್ಳಿ.

ವಿಂಡೋಸ್ 11: ಅಂಗಡಿ ಲೆಕ್ಕ ಟ್ಯಾಲಿಯಲ್ಲಿದ್ದರೆ ಇದೇ ಸರಿ. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಬೇಕು. ಇಂಟೆಲ್ 7ನೇ ತಲೆಮಾರು ಮತ್ತು ಅದಕ್ಕಿಂತ ಹಳೆಯ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವಕ್ಕೆ ಆಗುವುದಿಲ್ಲ. ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಹಾಕಿ ನೋಡಿದರೆ ನಿಮ್ಮದಕ್ಕೆ ಆಗುತ್ತದಾ ಇಲ್ಲವಾ ಗೊತ್ತಾಗುತ್ತದೆ.

ಲಿನಕ್ಸ್: ಉಬುಂಟು, ಮಿಂಟ್ ಇವಕ್ಕೆ ದುಡ್ಡು ಕೊಡಬೇಕಿಲ್ಲ. ಇಂಟರ್ನೆಟ್, ಮಕ್ಕಳ ಪಾಠ, ಯುನಿಕೋಡ್ ಕನ್ನಡ ಟೈಪಿಂಗ್, ಲಿಬ್ರೆ ಆಫೀಸ್‌ನಲ್ಲಿ ಪತ್ರ, ಪಟ್ಟಿ ಎಲ್ಲ ನಡೆಯುತ್ತದೆ. ಪಕ್ಕದ ಕಾಸರಗೋಡಿನ ಸರ್ಕಾರಿ ಕನ್ನಡ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಲಿನಕ್ಸ್‌ನಲ್ಲೇ. ಟ್ಯಾಲಿ, ನುಡಿ ಮಾತ್ರ ಇದರಲ್ಲಿ ನೇರವಾಗಿ ಓಡುವುದಿಲ್ಲ.

ಮ್ಯಾಕ್: ಆಪಲ್ ಕಂಪ್ಯೂಟರ್‌ಗೆ ಮಾತ್ರ. ಬಿಲ್ಲಿಂಗ್ ಕೆಲಸಕ್ಕೆ ಅಷ್ಟು ದುಡ್ಡು ಹಾಕಬೇಕಿಲ್ಲ.

ಬದಲಿಸುವ ಮೊದಲು: ಲೆಕ್ಕ, ಫೋಟೋ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಡಿ. ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಪ್ರಿಂಟರ್, ವೈಫೈ ಸರಿ ಇದೆಯಾ ಪರೀಕ್ಷಿಸಿ. ಡಿಜಿಟಲ್ ಸಹಿಯ ಡಾಂಗಲ್ ಬಳಸುವವರು ಮೊದಲು ನಿಮ್ಮ ಆಡಿಟರ್ ಹತ್ತಿರ ಕೇಳಿ.

ಅಂಗಡಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಯಾವುದರಲ್ಲಿ ಓಡುತ್ತದೋ ಅದನ್ನೇ ಇಟ್ಟುಕೊಳ್ಳಿ. ಮನೆಯ ಹಳೆ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ನೋಡಿ.